ಮೆನು ಇದೆ, ಆದರೆ ಕೇಳಿಸುತ್ತಿಲ್ಲ

ಪ್ರಶ್ನೆ: ಸಾರ್, ಮಂಡ್ಯದ ಬೆಲ್ಲದ ಮಂಡಿಗಳಿಗೆ ನಾವು ಮೂರು ಜನ ಸೇರಿ ಬ್ರೌಸರ್‌ನಲ್ಲೇ ನಡೆಯುವ ಲೆಕ್ಕದ ಸಾಫ್ಟ್‌ವೇರ್ ಮಾಡಿದ್ದೇವೆ. ಒಂದು ಮಂಡಿಯಲ್ಲಿ ಲೆಕ್ಕ ನೋಡಿಕೊಳ್ಳುವವರಿಗೆ ಕಣ್ಣು ಕಾಣುವುದಿಲ್ಲ, ಪರದೆ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಸ್ಕ್ರೀನ್ ರೀಡರ್ ಬಳಸುತ್ತಾರೆ. ಮೇಲಿನ ಮೆನು ಅವರಿಗೆ ಸಿಗುತ್ತಲೇ ಇರಲಿಲ್ಲ. ಎಲ್ಲೋ ಓದಿ, ಇದು ಏನು ಅಂತ ಸ್ಕ್ರೀನ್ ರೀಡರ್‌ಗೆ ಹೇಳುವ ರೋಲ್ ಮೆನು, ರೋಲ್ ಮೆನುಐಟಮ್ ಅನ್ನುವ ಗುರುತುಗಳನ್ನೆಲ್ಲ ಕೋಡ್‌ನಲ್ಲಿ ಸೇರಿಸಿದೆ. ಈಗ ಮೊದಲಿಗಿಂತ ಜಾಸ್ತಿ ಕಷ್ಟ ಅನ್ನುತ್ತಾರೆ. ಎಲ್ಲಿ ಎಡವಿದ್ದೇನೆ?
(ಮಂಡ್ಯದ ಓದುಗರು)

ಉತ್ತರ: ನಿಮ್ಮದು ಮೌಸ್ ತಂದರೆ ಇಳಿದು ಬರುವ ಡಿವ್ (ಪುಟದಲ್ಲಿನ ಒಂದು ಬರೀ ಡಬ್ಬ) ಇರಬೇಕು, ಅಲ್ವಾ? ಅವರು ಮೌಸ್ ಮುಟ್ಟುವುದಿಲ್ಲ. ಟ್ಯಾಬ್ ಒತ್ತುತ್ತಾ ಹೋಗುತ್ತಾರೆ, ಬರೀ ಡಿವ್ ಹತ್ತಿರ ಟ್ಯಾಬ್ ನಿಲ್ಲುವುದೇ ಇಲ್ಲ. ಮೊದಲ ತೊಂದರೆ ಅಷ್ಟೇ.

ಎರಡನೆಯದು ನೀವೇ ತಂದುಕೊಂಡದ್ದು. ರೋಲ್ ಮೆನು ಸುಮ್ನೆ ಒಂದು ಹೆಸರಲ್ಲ, ಮಾತು ಕೊಟ್ಟ ಹಾಗೆ. ಇದು ಡೆಸ್ಕ್‌ಟಾಪ್ ಪ್ರೋಗ್ರಾಮಿನ ಮೆನು ತರಹ ನಡೆದುಕೊಳ್ಳುತ್ತದೆ ಅಂತ ಎನ್‌ವಿಡಿಎಗೆ ಹೇಳಿಬಿಟ್ಟಿರಿ. ಅದು ನಂಬಿತು. ನಂಬಿ, ಫೋಕಸ್ (ಕೀಬೋರ್ಡ್ ಈಗ ನಿಂತಿರುವ ಜಾಗ) ಮೆನು ಒಳಗೆ ಹೋದ ಕೂಡಲೇ ಪುಟ ಓದುವ ಬ್ರೌಸ್ ಮೋಡ್ ಬಿಟ್ಟು ಫೋಕಸ್ ಮೋಡ್‌ಗೆ ಹೋಯಿತು, ಬಾಣದ ಕೀಗಳನ್ನು ನಿಮ್ಮ ಪ್ರೋಗ್ರಾಮಿಗೇ ಒಪ್ಪಿಸಿತು, ನೀವು ನೋಡಿದರೆ ಆ ಕೀಗಳಿಗೆ ಒಂದು ಸಾಲು ಕೋಡೂ ಬರೆದಿರಲಿಕ್ಕಿಲ್ಲ. ಅವರು ಕೆಳಗಿನ ಬಾಣ ಒತ್ತುತ್ತಾರೆ, ಏನೂ ಕೇಳಿಸುವುದಿಲ್ಲ. 'ಊಟ ರೆಡಿ' ಅಂತ ಬೋರ್ಡ್ ಹಾಕಿ ಒಲೆ ಹಚ್ಚದ ಹೋಟೆಲ್ ಆಯಿತು ಇದು.

ಆ ರೋಲ್‌ಗಳನ್ನೆಲ್ಲ ಕಿತ್ತುಹಾಕಿ. 'ಖರೀದಿ', 'ಮಾರಾಟ', 'ಬಾಕಿ' ಪ್ರತಿಯೊಂದಕ್ಕೂ ನಿಜವಾದ ಬಟನ್ ಇಡಿ, ಕೋಡ್‌ನಲ್ಲಿ ಅದರ ಬೆನ್ನಿಗೇ ಲಿಂಕ್‌ಗಳ ಪಟ್ಟಿ ಬರಲಿ, ಎಲ್ಲಾ ಸೇರಿ ಒಂದು ನ್ಯಾವ್ (ಪುಟದ ದಾರಿ ತೋರುವ ಭಾಗ ಅಂತ ಹೇಳುವ ಟ್ಯಾಗ್) ಒಳಗೆ ಕೂರಲಿ. ಬಟನ್ ಮೇಲೆ ಏರಿಯಾ-ಎಕ್ಸ್‌ಪ್ಯಾಂಡೆಡ್ ಅನ್ನುವ ಗುರುತು ಹಾಕಿ, ಮುಚ್ಚಿದಾಗ ಫಾಲ್ಸ್, ತೆರೆದಾಗ ಟ್ರೂ. ಪಟ್ಟಿ ತೆರೆದಿದೆಯೋ ಮುಚ್ಚಿದೆಯೋ ಅನ್ನುವುದನ್ನು ಎನ್‌ವಿಡಿಎ ತಾನೇ ಹೇಳುತ್ತದೆ. ಎಸ್ಕೇಪ್ ಒತ್ತಿದರೆ ಪಟ್ಟಿ ಮುಚ್ಚಿ ಫೋಕಸ್ ಅದೇ ಬಟನ್‌ಗೆ ವಾಪಸ್ ಬರಬೇಕು.

ಮುಚ್ಚುವುದು ಅಂದರೆ ಡಿಸ್‌ಪ್ಲೇ ನನ್, ಪುಟದಿಂದಲೇ ಇಲ್ಲವಾಗಿಸುವುದು. ಒಪಾಸಿಟಿ ಸೊನ್ನೆ ಮಾಡಿ ಬರೀ ಪಾರದರ್ಶಕ ಮಾಡಿದರೆ ನಮ್ಮ ಕಣ್ಣಿಗೆ ಮಾತ್ರ ಮಾಯ, ಟ್ಯಾಬ್ ಅಲ್ಲಿಗೂ ಹೋಗುತ್ತದೆ. ನಾನೂ ಒಮ್ಮೆ ಹೀಗೇ ಮಾಡಿ, ಒಬ್ಬರು ಕಾಣದ ಲಿಂಕ್‌ಗಳನ್ನೆಲ್ಲ ದಾಟಿಕೊಂಡು ಪುಟ ಸೇರುವ ಹಾಗೆ ಮಾಡಿದ್ದೆ. ಬೈದರು, ಸರಿಯಾಗೇ ಬೈದರು.

ಮೊಬೈಲಿನಲ್ಲಿ ಬರುವ ಮೂರು ಗೆರೆಯ ಬಟನ್‌ಗೆ ಏರಿಯಾ-ಲೇಬಲ್‌ನಲ್ಲಿ 'ಮೆನು' ಅಂತ ಹೆಸರು ಕೊಡಿ. ಇಲ್ಲದಿದ್ದರೆ ಬರೀ 'ಬಟನ್' ಅಂತ ಕೇಳಿಸುತ್ತದೆ, ಯಾವ ಬಟನ್ ಅಂತ ಅವರು ಕಣಿ ಕೇಳಬೇಕು. ಕನ್ನಡ ಪುಟ ಆದರೆ, ಪುಟದ ಭಾಷೆ ಹೇಳುವ ಲ್ಯಾಂಗ್ ಜಾಗದಲ್ಲಿ ಕನ್ನಡದ ಕೋಡ್ ಇದೆಯಾ ನೋಡಿ. ಎನ್‌ವಿಡಿಎ ಜೊತೆಗೇ ಬರುವ, ಬರಹವನ್ನು ದನಿಯಾಗಿಸುವ ಇಸ್ಪೀಕ್‌ನಲ್ಲಿ ಕನ್ನಡ ದನಿ ಇದೆ, ಯಾವಾಗ ಅದಕ್ಕೆ ಬದಲಾಗಬೇಕು ಅಂತ ಎನ್‌ವಿಡಿಎಗೆ ತಿಳಿಯುವುದು ಆ ಲ್ಯಾಂಗ್‌ನಿಂದಲೇ.

ಎನ್‌ವಿಡಿಎಗೆ ದುಡ್ಡು ಕೊಡಬೇಕಿಲ್ಲ. ಹಾಕಿಕೊಂಡು, ಮಾನಿಟರ್ ಆಫ್ ಮಾಡಿ, ಕೀಬೋರ್ಡ್‌ನಲ್ಲೇ ಒಂದು ಬಿಲ್ ಮಾಡಿ ನೋಡಿ. ಆಮೇಲೆ ಮಂಡಿಗೆ ಹೋಗಿ ಅವರ ಪಕ್ಕದಲ್ಲಿ ಅರ್ಧ ಗಂಟೆ ಕೂರಿ. (ಅವರು ಓದಿಸುವ ವೇಗಕ್ಕೆ ನಿಮಗೆ ಒಂದಕ್ಷರವೂ ತಿಳಿಯದಿದ್ದರೆ ಗಾಬರಿಯಾಗಬೇಡಿ.)

ಪ್ರಶ್ನೆ: ನಮ್ಮದು ವಿಂಡೋಸ್ ಪ್ರೋಗ್ರಾಮ್. ಮೆನುವಿನಲ್ಲಿ ಆ ಹೊತ್ತಿಗೆ ಕೆಲಸ ಮಾಡದ ಐಟಂಗಳನ್ನು ತೆಗೆದೇಬಿಡುವುದು ಒಳ್ಳೆಯದಾ?
(ಮೈಸೂರಿನ ಓದುಗರು)

ಉತ್ತರ: ಬೇಡ, ಬೂದು ಬಣ್ಣದಲ್ಲೇ ಇರಲಿ. ವಿಂಡೋಸ್‌ನ ಸ್ವಂತ ಮೆನು ಆದರೆ ಬಾಣದ ಕೀ ಅಲ್ಲಿಗೂ ಹೋಗುತ್ತದೆ, ಈಗ ಲಭ್ಯವಿಲ್ಲ ಅಂತ ಸ್ಕ್ರೀನ್ ರೀಡರ್ ಹೇಳುತ್ತದೆ. 'ಪ್ರಿಂಟ್' ಮೇಲಿನಿಂದ ಐದನೆಯದು ಅಂತ ಬೆರಳಿಗೆ ರೂಢಿಯಾಗಿರುತ್ತದೆ. ನೀವು ನಡುವೆ ಎರಡು ತೆಗೆದರೆ ಬೆರಳು ಹೋಗಿ ಇನ್ನೆಲ್ಲೋ ನಿಲ್ಲುತ್ತದೆ.