ಸೇಂದಿ ಬಿಟ್ಟ ಮೇಲೆ ಹುಳ ಕಾಣುವುದು ಗಾಳಿ ಅಲ್ಲ
ಸೇಡಂನಿಂದ ಕೇಳಿದ್ದೀರಿ: ಅಣ್ಣ ಸೇಂದಿ ಬಿಟ್ಟು ಮೂರು ದಿನ, ಕೈ ನಡುಗುತ್ತಿದೆ, ಗೋಡೆ ಮೇಲೆ ಹುಳ ಕಾಣುತ್ತವಂತೆ, ಗಾಳಿ ಸೋಕಿದೆಯಾ ಅಂತ.

ಗಾಳಿ ಅಲ್ಲ ರೀ. ಕಲಬೆರಕೆ ಸೇಂದಿಗೆ ಸಿಎಚ್ ಪೌಡರ್ ಬೆರೆಸುತ್ತಾರೆ, ಅಂದರೆ ಕ್ಲೋರಲ್ ಹೈಡ್ರೇಟ್ ಅನ್ನುವ ಮಂಪರು ಬರಿಸುವ ರಾಸಾಯನಿಕ. ಕೆಲವು ಕಡೆ ಡಯಾಜೆಪಾಮ್, ಆಲ್ಪ್ರಜೋಲಮ್ ಎಂಬ ನಿದ್ದೆ ಬರಿಸುವ ಔಷಧಿಗಳನ್ನೂ ಬೆರೆಸುತ್ತಾರೆ. ವರ್ಷಗಟ್ಟಲೆ ಕುಡಿದರೆ ಮಿದುಳು ಅದಕ್ಕೇ ಒಗ್ಗಿಬಿಡುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಹೀಗಾಗುತ್ತದೆ, ಫಿಟ್ಸ್ ಬಂದು ಜೀವಕ್ಕೂ ಕುತ್ತು.

ತಾಯತ ಆಮೇಲೆ ಕಟ್ಟಿಸಿ. ಈಗಲೇ 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಸೇರಿಸಿ. ಕಲಬುರಗಿಯ ಜಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಡಯಾಜೆಪಾಮ್ ಥರದ ಔಷಧಿಯನ್ನೇ ಅಳತೆ ಮಾಡಿ ಕೊಟ್ಟು, ದಿನದಿಂದ ದಿನಕ್ಕೆ ಇಳಿಸುತ್ತಾರೆ. ನೀವೇ ಅಂಗಡಿಯಿಂದ ತಂದು ಕೊಡಬೇಡಿ. ಸುಮ್ನೆ ಗ್ಲೂಕೋಸ್ ಬಾಟಲಿ ಹಾಕಿಸೋದೂ ಬೇಡ, ವಿಟಮಿನ್ ಬಿ1 ಇಂಜೆಕ್ಷನ್ ಮೊದಲು ಬೇಕು. ಏನು ಕುಡಿಯುತ್ತಿದ್ದ, ಎಂದು ಬಿಟ್ಟ, ಡಾಕ್ಟರಿಗೆ ಮುಚ್ಚಿಡದೆ ಹೇಳಿ.