ಪ್ರತಿಕ್ರಿಯೆ: ದುಡ್ಡು ಕೊಟ್ಟು ಕಾದಂಬರಿ ಹಾಕಿಸಬೇಕಾ?

ನಮಸ್ಕಾರ. ಸಕಲೇಶಪುರದ ಕಾಫಿ ತೋಟದಲ್ಲಿ ನಡೆಯುವ ಕೊಲೆಯ ಕಾದಂಬರಿ ಬರೆದಿದ್ದೀರಿ. ಪ್ರಕಾಶಕರು ಅಚ್ಚಿನ ಖರ್ಚು ನಿಮ್ಮಿಂದಲೇ ಕೇಳುತ್ತಿದ್ದಾರೆ, ಕೊಡಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ನಾನು ಹಾಸನದವನು, ನನ್ನ ಮೊದಲ ಪುಸ್ತಕಕ್ಕೆ ಹಾಗೇ ಕೊಟ್ಟೆ. ಕರಡು ಯಾರೂ ತಿದ್ದಲಿಲ್ಲ, ಪುಸ್ತಕ ಯಾವ ಅಂಗಡಿಗೂ ಹೋಗಲಿಲ್ಲ. ಕಟ್ಟುಗಳು ಇನ್ನೂ ಅಟ್ಟದ ಮೇಲಿವೆ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಒಳ್ಳೆಯ ಪ್ರಕಾಶಕರು ತಮ್ಮ ದುಡ್ಡು ಹಾಕಿ, ನಿಮಗೆ ಗೌರವಧನ ಕೊಡುತ್ತಾರೆ. ಮೊದಲು ಅವರ ನಾಲ್ಕು ಪುಸ್ತಕ ಕೊಂಡು ಓದಿ. ಪತ್ತೇದಾರಿ ಕಥೆಗೆ ತಿದ್ದುವ ಕಣ್ಣು ಜಾಸ್ತಿ ಬೇಕು. ಮೂರನೇ ಅಧ್ಯಾಯದಲ್ಲಿ ಬೀಗ ಹಾಕಿದ ಗೋದಾಮು ಒಂಬತ್ತರಲ್ಲಿ ಸುಮ್ನೆ ತೆರೆದಿದ್ದರೆ ಓದುಗ ಅಲ್ಲೇ ಪುಸ್ತಕ ಮುಚ್ಚುತ್ತಾನೆ. 'ಪತ್ತೇದಾರಿ ಸಾಹಿತ್ಯ ಅಲ್ಲ' ಅನ್ನುವವರ ಮಾತು ಬಿಡಿ. ಮೂಡಿಗೆರೆಯ ತೇಜಸ್ವಿಯವರು 'ಜುಗಾರಿ ಕ್ರಾಸ್'ನಲ್ಲಿ ಏಲಕ್ಕಿ ವ್ಯಾಪಾರದಿಂದಲೇ ರೋಚಕ ಕಥೆ ಕಟ್ಟಿದರು, ಅಲ್ವಾ?

ಯಾರೂ ಒಪ್ಪದಿದ್ದರೆ ನೀವೇ ಹಾಕಿಸಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಯಾರಿಗೂ ದುಡ್ಡು ಕೊಡಬೇಡಿ, ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಮೊದಲಿಗೆ ಡಿಜಿಟಲ್ ಮುದ್ರಣದಲ್ಲಿ 50 ಪ್ರತಿ ಸಾಕು. ಕರಡು ತಿದ್ದಲು ಜೊತೆ ಬೇಕಿದ್ದರೆ ಹೇಳಿ, ನಾನು ಓದುತ್ತೇನೆ.