ಅಂತಿಮ ವರ್ಷದ ಪ್ರಾಜೆಕ್ಟ್: ‘ಇಷ್ಟು ಸಾಲದು’ ಎಂದ ಮಾರ್ಗದರ್ಶಕರು ಕೇಳುತ್ತಿರುವುದೇನು?

ಅಂತಿಮ ವರ್ಷದ ಪ್ರಾಜೆಕ್ಟ್ ಕುರಿತು ವಿದ್ಯಾರ್ಥಿಗಳು ಕಳುಹಿಸುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟಿದವು. ಪ್ರತಿ ವರ್ಷವೂ ಅವೇ ಮರಳಿ ಬರುತ್ತಿರುವುದರಿಂದ ಈ ಬಾರಿ ಒಂದು ಪ್ರಶ್ನೆಗೆ ವಿವರವಾಗಿ ಉತ್ತರಿಸುತ್ತೇನೆ. ವರದಿಯ ಅಧ್ಯಾಯಗಳ ಕ್ರಮ, ಅಕ್ಷರದ ಗಾತ್ರ ಮುಂತಾದವನ್ನು ನಿಮ್ಮ ವಿಭಾಗದ ಸೂಚನೆಗಳಲ್ಲಿಯೇ ನೋಡಿಕೊಳ್ಳಿ.

ಪ್ರಶ್ನೆ: ನಾವು ನಾಲ್ವರು ಸೇರಿ ಸ್ಮಾರ್ಟ್ ನೀರಾವರಿ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ಮಣ್ಣು ಒಣಗಿದ್ದನ್ನು ಸೆನ್ಸರ್ ಗುರುತಿಸಿದರೆ ಪಂಪ್ ತಾನಾಗಿಯೇ ಚಾಲೂ ಆಗುತ್ತದೆ. ಮೊದಲ ಪರಿಶೀಲನೆಯಲ್ಲಿ ಮಾರ್ಗದರ್ಶಕರು ‘ಇಷ್ಟು ಸಾಲದು’ ಎಂದರು. ಮೊಬೈಲ್ ಆ್ಯಪ್, ಹವಾಮಾನ ಮಾಹಿತಿ, ಕೃತಕ ಬುದ್ಧಿಮತ್ತೆ ಇವುಗಳಲ್ಲಿ ಯಾವುದನ್ನು ಸೇರಿಸಿದರೆ ಒಪ್ಪುತ್ತಾರೆ?

ಉತ್ತರ: ಯಾವುದನ್ನೂ ಸೇರಿಸಬೇಡಿ. ತಂತ್ರಜ್ಞಾನ ಹೆಚ್ಚಿದಷ್ಟೂ ಅಂಕ ಹೆಚ್ಚುತ್ತದೆ ಎಂಬುದು ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಹರಿದು ಬರುತ್ತಿರುವ ಸುಳ್ಳು ನಂಬಿಕೆ. ನಿಮ್ಮ ಕೆಲಸದಲ್ಲಿ ಈಗ ಒಂದು ಸಾಧನವಿದೆ, ಆದರೆ ಉತ್ತರ ಹುಡುಕಬೇಕಾದ ಪ್ರಶ್ನೆಯಿಲ್ಲ. ಮಾರ್ಗದರ್ಶಕರು ಕೇಳುತ್ತಿರುವುದು ಆ ಪ್ರಶ್ನೆಯನ್ನು.

ಅದು ನಿಮ್ಮ ಕೈಯಲ್ಲಿರುವ ಸೆನ್ಸರಿನಲ್ಲಿಯೇ ಇದೆ. ಅಗ್ಗದ ಎರಡು ಕಡ್ಡಿಗಳ ಸೆನ್ಸರ್ ತೇವವಿರುವ ಮಣ್ಣಿನ ಮೂಲಕ ವಿದ್ಯುತ್ ಹರಿಸಿ ಅದರ ಪ್ರತಿರೋಧವನ್ನು ಅಳೆಯುತ್ತದೆ. ನೇರ ವಿದ್ಯುತ್ (ಡಿಸಿ) ಸದಾ ಹರಿಯುತ್ತಿದ್ದರೆ ವಿದ್ಯುದ್ವಿಭಜನೆಯಿಂದ, ಅಂದರೆ ವಿದ್ಯುತ್ ಹರಿವಿನಿಂದಾಗುವ ರಾಸಾಯನಿಕ ಕ್ರಿಯೆಯಿಂದ, ಕಡ್ಡಿಯ ಲೋಹ ಸವೆಯುತ್ತದೆ. ಕೆಲವು ವಾರಗಳ ಬಳಿಕ ಹೊರತೆಗೆದು ನೋಡಿದರೆ ಲೇಪ ಕಿತ್ತುಹೋಗಿ, ಅಂಚು ತಿಂದುಹೋಗಿ, ಬಣ್ಣಗೆಟ್ಟಿರುತ್ತದೆ. ಮಣ್ಣಿನ ತೇವ ಬದಲಾಗದಿದ್ದರೂ ಅಂಕಿ ಬದಲಾಗುತ್ತದೆ, ಪಂಪ್ ಆ ತಪ್ಪು ಅಂಕಿಯನ್ನೇ ನಂಬಿ ನಡೆಯುತ್ತದೆ. ಸದಾ ವಿದ್ಯುತ್ ಪಡೆಯುವ ಸೆನ್ಸರ್, ಅಳೆಯುವ ಕ್ಷಣದಲ್ಲಿ ಮಾತ್ರ ವಿದ್ಯುತ್ ಪಡೆಯುವ ಸೆನ್ಸರ್ ಮತ್ತು ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಸೆನ್ಸರ್, ಇವು 8 ವಾರಗಳಲ್ಲಿ ನಿಜವಾದ ತೇವಾಂಶದಿಂದ ಎಷ್ಟೆಷ್ಟು ದೂರ ಸರಿಯುತ್ತವೆ ಎಂದು ಕೇಳಿಕೊಳ್ಳಿ. ಒಂದು ವರ್ಷದ ಪ್ರಾಜೆಕ್ಟಿಗೆ ಇದು ಧಾರಾಳ ಸಾಕು.

‘ನಿಜವಾದ ತೇವಾಂಶ’ವನ್ನು ಸೆನ್ಸರಿನಿಂದಲೇ ತಿಳಿಯಲಾಗದು. ಮಣ್ಣಿನ ಮಾದರಿಯನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 24 ಗಂಟೆ ಓವನ್ನಿನಲ್ಲಿ ಒಣಗಿಸಿ, ಮತ್ತೆ ತೂಗಿ, ಕಳೆದುಹೋದ ನೀರಿನ ತೂಕವನ್ನು ಒಣ ಮಣ್ಣಿನ ತೂಕದಿಂದ ಭಾಗಿಸಬೇಕು. ಇದೇ ನಿಮ್ಮ ಅಳತೆಗೋಲು. ಮಣ್ಣಿನಲ್ಲಿರುವ ಲವಣ ಮತ್ತು ಜೇಡಿಯ ಪ್ರಮಾಣವೂ ಅಂಕಿಯನ್ನು ಬದಲಿಸುವುದರಿಂದ ಎಲ್ಲ ಕುಂಡಗಳಲ್ಲೂ ಒಂದೇ ಮಣ್ಣಿರಲಿ. ಒಂದೇ ಕಂಪನಿಯ ಎರಡು ಸೆನ್ಸರುಗಳೂ ಒಂದೇ ಅಂಕಿ ತೋರಿಸದ ಕಾರಣ ಪ್ರತಿ ಬಗೆಯಲ್ಲೂ ಕೆಲವನ್ನಾದರೂ ಇಡಿ. 8 ವಾರಗಳನ್ನು ಕೊನೆಯ ತಿಂಗಳಲ್ಲಿ ಕುಗ್ಗಿಸಲಾಗದು, ಆದ್ದರಿಂದ ಸೆನ್ಸರುಗಳನ್ನು ಈ ವಾರವೇ ಮಣ್ಣಿಗಿಳಿಸಿ.

ಈ ವಿಷಯದಲ್ಲಿ ನನಗೆ ಅತ್ಯಂತ ಬೇಸರ ತರಿಸುವ ತಪ್ಪೊಂದಿದೆ. ಸೆನ್ಸರಿನ ವೋಲ್ಟೇಜನ್ನು ಸಂಖ್ಯೆಯಾಗಿಸುವ 10 ಬಿಟ್ ಪರಿವರ್ತಕ ಕೊಡುವ 0ಯಿಂದ 1023ರವರೆಗಿನ ಅಂಕಿಯನ್ನು ನೇರವಾಗಿ ಶೇಕಡಾವಾರಿಗೆ ತಿರುಗಿಸಿ, 450 ಬಂದರೆ ‘ತೇವಾಂಶ ಶೇ 44’ ಎಂದು ವರದಿಯಲ್ಲಿ ಬರೆಯುತ್ತಾರೆ. ಅದು ವೋಲ್ಟೇಜಿನ ಅಂಕಿಯೇ ಹೊರತು ತೇವಾಂಶವಲ್ಲ. ಪಂಪ್ ಚಾಲೂ ಆಗುವ ಮಿತಿಯನ್ನು ಈ ಸಂಖ್ಯೆಗೇ ಏಕೆ ಇಟ್ಟಿರಿ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ನಾಲ್ವರೂ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ, ಏಕೆಂದರೆ ಆ ಸಂಖ್ಯೆ ಎಲ್ಲಿಂದಲೋ ಇಳಿಸಿಕೊಂಡ ಪ್ರೋಗ್ರಾಮಿನ ಜೊತೆಗೇ ಬಂದಿರುತ್ತದೆ.

ಮುಂದಿನ ಭೇಟಿಗೆ ಸ್ಲೈಡುಗಳನ್ನು ಸಿದ್ಧಪಡಿಸಬೇಡಿ. ಏನು ಅಳೆದಿರಿ, ಏನು ಬಂತು, ಎಲ್ಲಿ ಸಿಕ್ಕಿಬಿದ್ದಿದ್ದೀರಿ, ಮಾರ್ಗದರ್ಶಕರಿಂದ ಯಾವ ತೀರ್ಮಾನ ಬೇಕು ಎಂಬುದನ್ನು ಒಂದೇ ಪುಟದಲ್ಲಿ ಬರೆದುಕೊಂಡು ಹೋಗಿ. ಪಂಪನ್ನು ಸದ್ಯಕ್ಕೆ ಬದಿಗಿಡಿ; ನೀರು ಮತ್ತು ಮುಖ್ಯ ವಿದ್ಯುತ್ ಒಟ್ಟಿಗಿರುವ ಜೋಡಣೆಯನ್ನು ಪ್ರಯೋಗಾಲಯದ ಸಿಬ್ಬಂದಿ ಎದುರಿಗಿಲ್ಲದೆ ಮಾಡಲು ನಾನು ಯಾವ ತಂಡಕ್ಕೂ ಬಿಡುವುದಿಲ್ಲ.

ಪ್ರಶ್ನೆ: ವರದಿಸಹಿತ ಸಿದ್ಧ ಪ್ರಾಜೆಕ್ಟ್ ಮಾರುವವರು ಮೌಖಿಕ ಪರೀಕ್ಷೆಗೂ ತರಬೇತಿ ಕೊಡುತ್ತಾರಂತೆ. ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. ಒಂದೇ ವರದಿಯ ಹೆಸರು ಬದಲಿಸಿ ಹತ್ತಾರು ತಂಡಗಳಿಗೆ ಮಾರುವವರು ನಿಮ್ಮ ಭವಿಷ್ಯದ ಹೊಣೆ ಹೊರುವುದಿಲ್ಲ. ಸಿಕ್ಕಿಬಿದ್ದಾಗ ಶಿಸ್ತುಕ್ರಮ ಎದುರಿಸುವವರು ನೀವು, ಅವರಲ್ಲ. ಇದನ್ನು ‘ತರಬೇತಿ’ ಎಂದು ಕರೆಯುವುದು ಶುದ್ಧ ಮೋಸ.

ಪ್ರಶ್ನೆ: ಎಲೆಯ ಚಿತ್ರದಿಂದ ರೋಗ ಗುರುತಿಸುವ ನಮ್ಮ ಕಂಪ್ಯೂಟರ್ ಮಾದರಿಯ ನಿಖರತೆ ಶೇ 97. ಹಣ ಕಟ್ಟಿದರೆ ವಾರದಲ್ಲಿ ಪ್ರಕಟಿಸುತ್ತೇವೆ ಎನ್ನುವ ನಿಯತಕಾಲಿಕಕ್ಕೆ ಕಳುಹಿಸಬಹುದೇ?

ಉತ್ತರ: ನಿಮ್ಮ 100 ಚಿತ್ರಗಳಲ್ಲಿ 97 ಆರೋಗ್ಯಕರ ಎಲೆಗಳದ್ದೇ ಆಗಿದ್ದರೆ, ಎಲ್ಲವನ್ನೂ ‘ಆರೋಗ್ಯಕರ’ ಎನ್ನುವ ಪ್ರೋಗ್ರಾಮಿಗೂ ಶೇ 97 ಸಿಗುತ್ತದೆ, ರೋಗವಿದ್ದ ಎಲೆಗಳಲ್ಲಿ ಎಷ್ಟನ್ನು ಹಿಡಿದಿದೆ ಎಂಬುದನ್ನು ಮೊದಲು ಲೆಕ್ಕ ಹಾಕಿ. ಪರಿಣತರ ಪರಿಶೀಲನೆಯಿಲ್ಲದೆ ಹಣಕ್ಕೆ ಅಚ್ಚು ಹಾಕುವವರ ಕಡೆ ತಲೆಯೂ ಹಾಕಬೇಡಿ.

ಪ್ರಶ್ನೆ: ವರದಿಯನ್ನು ಇತರ ಬರಹಗಳೊಂದಿಗೆ ಹೋಲಿಸುವ ತಂತ್ರಾಂಶದಲ್ಲಿ ಸಾಮ್ಯತೆ ಶೇ 10ಕ್ಕಿಂತ ಕಡಿಮೆ ಬಂದರೆ ಕೃತಿಚೌರ್ಯವಿಲ್ಲ ಎಂದಲ್ಲವೇ?

ಉತ್ತರ: ಅಲ್ಲ. ಆ ತಂತ್ರಾಂಶ ಹೊಂದಿಕೆಯಾಗುವ ಪದಗಳನ್ನು ಎಣಿಸುತ್ತದೆ. ಪದ ಬದಲಿಸಿ, ಮೂಲ ಹೇಳದೆ ಬಳಸಿದ ವಿಚಾರವೂ ಕದ್ದದ್ದೇ.

ಪ್ರಶ್ನೆ: ಫಲಿತಾಂಶ ನಿರೀಕ್ಷೆಗೆ ವಿರುದ್ಧವಾಗಿ ಬಂದಿದೆ. ಸ್ವಲ್ಪ ತಿದ್ದಬಹುದೇ?

ಉತ್ತರ: ಒಂದು ಅಂಕಿಯನ್ನೂ ಮುಟ್ಟಬೇಡಿ. ಬಂದದ್ದನ್ನು ಬಂದ ಹಾಗೆಯೇ ಬರೆದು, ಹಾಗೇಕೆ ಬಂತು ಎಂಬುದಕ್ಕೆ ಒಂದು ಅಧ್ಯಾಯ ಮೀಸಲಿಡಿ. ಅಳತೆ ಸರಿಯಿದ್ದರೆ ಯಾವ ಪ್ರಾಮಾಣಿಕ ಪರೀಕ್ಷಕರೂ ಅದಕ್ಕಾಗಿ ಅಂಕ ಕಡಿಯುವುದಿಲ್ಲ.